ಕೊಕ್ಕೆ ಕೆಳಗಿಟ್ಟ ಮೇಲಿನ ಕೆಲಸ



ಮೇ 1ರಂದು ನಾವು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಜಗದ್ಗುರು ಹನ್ನೆರಡನೆಯ ಪಯಸ್‌ರವರು 1955ರಲ್ಲಿ ಇದನ್ನು ಸ್ಥಾಪಿಸಿದರು. ಕಾರ್ಮಿಕರೆಂದೊಡನೆ ನಮಗೆ ಬಡಗಿ, ಗೌಂಡಿ, ತುರ್ವಿಹಾಳದ ಗದ್ದೆಯಲ್ಲಿ ಭತ್ತ ನಾಟಿ ಮಾಡುವವರು ನೆನಪಾಗುತ್ತಾರೆ. ಮನೆಯ ಪಡಸಾಲೆಯಲ್ಲಿ ಕುಳಿತು ರೇಷ್ಮೆ ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕುವ ಅಕ್ಕತಂಗಿಯರು ನೆನಪಾಗುವುದಿಲ್ಲ. ಅವರ ಕೈಯಲ್ಲಿರುವ ಕೊಕ್ಕೆಗೂ ಒಂದು ಚರಿತ್ರೆಯಿದೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಘೋರ ಕ್ಷಾಮ ಆರಂಭವಾಯಿತು. ಸುಮಾರು 10 ಲಕ್ಷ ಜನ ಪ್ರಾಣ ಬಿಟ್ಟರು. ಆಗ ಕಾರ್ಕ್ ಪಟ್ಟಣದ ಬಳಿಯ ಬ್ಲ್ಯಾಕ್‌ರಾಕ್ ಕಾನ್ವೆಂಟಿನ ಉರ್ಸುಲೈನ್ ಭಗಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸ್ ಕಲಿಸಿದರು. ಒಂದು ಕೊಕ್ಕೆ, ಒಂದು ಉಂಡೆ ದಾರ, ಅಷ್ಟೇ ಬಂಡವಾಳ. ಗುಡಿಸಲಿನ ಹೊಗೆಯಲ್ಲಿ ಹೆಣೆದ ಹೂಗಳು ಮಾಸಿ, ಮುದುಡಿರುತ್ತಿದ್ದವು. ಜೋಡಿಸಿ, ತೊಳೆದು, ಪಿನ್ನು ಚುಚ್ಚಿ ಹರವಿ ಒಣಗಿಸಿದ ಮೇಲೆಯೇ ಅವು ಮಾರುವಂಥ ಲೇಸ್ ಆಗುತ್ತಿದ್ದವು.

ನೆರೆಯ ಆಂಧ್ರದ ನರಸಾಪುರದ ಸೀಮೆಗೂ 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಈ ಕಲೆ ಬಂತು. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆದರೆ ಜರ್ಮನಿಯ ವಿದುಷಿ ಮರಿಯಾ ಮೀಸ್ 1982ರ ತಮ್ಮ ಗ್ರಂಥದಲ್ಲಿ ಕಹಿ ಸತ್ಯವೊಂದನ್ನು ತೋರಿಸಿದರು. ಹೆಂಗಸರು ದಿನವಿಡೀ ಹೆಣೆದರೂ ಜನ ಅದನ್ನು ಬಿಡುವಿನ ಕೆಲಸವೆಂದೇ ಎಣಿಸುತ್ತಿದ್ದರು. ಲಾಭ ವ್ಯಾಪಾರಿಗಳ ಪಾಲಾಗುತ್ತಿತ್ತು. ಅರೆಬರೆ ವಸ್ತುವನ್ನು ಕೊಡುವವಳಿಗೆ ಬೆಲೆ ಹೇಳುವ ಬಲವಿರುವುದಿಲ್ಲ. ಆದ್ದರಿಂದ ಫಿನಿಶಿಂಗ್ ಎನ್ನುವ ಕೊನೆಯ ಒಪ್ಪವನ್ನು ನಮ್ಮ ಸಹೋದರಿಯರೇ ಕಲಿಯಬೇಕು.

ಹತ್ತಿಯ ಲೇಸ್ ಗಂಜಿಯನ್ನೂ ಬಿಸಿ ಇಸ್ತ್ರಿಯನ್ನೂ ತಾಳುತ್ತದೆ. ರೇಷ್ಮೆ ಹಾಗಲ್ಲ. ಅದು ನಮ್ಮ ಕೂದಲಿನಂತೆ ಪ್ರೋಟೀನಿನ ಎಳೆ. ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ, ಒಣಗುವಾಗ ಇಟ್ಟ ಆಕಾರವನ್ನು ಹಿಡಿಯುತ್ತದೆ. ಅಂಗಡಿಯ ಸಿಲ್ಕ್ ದಾರವೆಲ್ಲ ರೇಷ್ಮೆಯಲ್ಲ. ಒಂದೆಳೆ ಸುಟ್ಟರೆ ನಿಜ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ರೇಯಾನ್ ಕಾಗದದಂತೆ ಉರಿಯುತ್ತದೆ.

ರೇಷ್ಮೆಯಲ್ಲಿ ಹೆಣೆದ ಶಾಲು, ಕೊರಳಪಟ್ಟಿಗಳನ್ನು ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು, ತಣ್ಣೀರಿನಲ್ಲಿ ಸೌಮ್ಯ ಸೋಪು ಬೆರೆಸಿ ಅದ್ದಬೇಕು. ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆಯಬೇಕು. ಬಿಳಿ ಬಟ್ಟೆ ಹೊದಿಸಿದ ಹಲಗೆಯ ಮೇಲೆ ಅಳತೆಗೆ ಹರವಿ, ತುಕ್ಕು ಹಿಡಿಯದ ಪಿನ್ನು ಚುಚ್ಚಿ, ನೆರಳಿನಲ್ಲಿ ಒಣಗಿಸಬೇಕು. ರಾಯಚೂರು ಸೀಮೆಯ ಮೇ ಬಿಸಿಲು ರೇಷ್ಮೆಯ ಬಣ್ಣವನ್ನು ತಿನ್ನುತ್ತದೆ. ಸೀರೆಯ ಕುಚ್ಚನ್ನಂತೂ ನೀರಿಗೆ ಹಾಕಬಾರದು. ಇಸ್ತ್ರಿಪೆಟ್ಟಿಗೆ ತಾಗಿಸದೆ ದೂರದಿಂದ ಹಬೆ ಕೊಟ್ಟು, ಎಳೆಗಳನ್ನು ಬಾಚಿ, ಆರಿದ ಮೇಲೆ ರಟ್ಟಿನ ಅಳತೆಯಿಟ್ಟು ತುದಿ ಸಮ ಮಾಡಿದರೆ ಸಾಕು.

ಮದುವೆ ಸೀರೆಗೆ ಸಾವಿರಾರು ರೂಪಾಯಿ ಎಣಿಸಿಕೊಡುವ ನಾವೇ ಕುಚ್ಚು ಹಾಕಿದ ತಂಗಿಯ ಬಳಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಹೆಣೆದ ಗಂಟೆಗಳ ಜೊತೆ ಒಪ್ಪ ಮಾಡಿದ ಗಂಟೆಗಳನ್ನೂ ಲೆಕ್ಕ ಹಿಡಿದು, ಕೇಳಿದ ಕೂಲಿಯನ್ನು ಅಂದೇ ಕೊಡೋಣ. ಬಡಗಿ ಜೋಸೆಫರ ಹಬ್ಬವನ್ನು ಆಚರಿಸುವವರಿಗೆ ಇದು ಒಪ್ಪುವ ನಡತೆ.