ನೀರಿದ್ದರೆ ಮಾತ್ರ ಪೂರ್ಣವಾಗುವ ಶಿಲ್ಪ

ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ, ಬ್ರಿಟಿಷ್ ಪಾರ್ಲಿಮೆಂಟಿಗೆ ಎದುರಾಗಿ, ಸೇಂಟ್ ಥಾಮಸ್ ಆಸ್ಪತ್ರೆ ಇದೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ದಾದಿಯರ ತರಬೇತಿ ಶಾಲೆ ತೆರೆದದ್ದು ಇದೇ ಆಸ್ಪತ್ರೆಯ ಆಶ್ರಯದಲ್ಲಿ. ಅದರ ಅಂಗಳದ ಕೊಳದ ನಡುವೆ ತಿರುಚಿದ ರೆಕ್ಕೆಗಳಂಥ ಒಂದು ಸ್ಟೀಲ್ ಶಿಲ್ಪವಿದೆ. ಹೆಸರು 'ರಿವಾಲ್ವಿಂಗ್ ಟಾರ್ಷನ್'. ನಿಧಾನವಾಗಿ ತಿರುಗುತ್ತ ಅಂಚುಗಳಿಂದ ನೀರು ಚಿಮ್ಮಲೆಂದೇ ಅದನ್ನು ರೂಪಿಸಲಾಯಿತು. ಚಿಮ್ಮಿದ ನೀರೆಳೆಗಳು ಲೋಹದ ನಡುವಿನ ಬಯಲನ್ನು ತುಂಬಿ ಶಿಲ್ಪವನ್ನು ಪೂರ್ತಿಗೊಳಿಸುತ್ತವೆ. ನೀರು ಇಲ್ಲಿ ಅಲಂಕಾರವಲ್ಲ, ಶಿಲ್ಪದ ಅರ್ಧ ಶರೀರ.

ಇದರ ಕರ್ತೃ ನೌಮ್ ಗಾಬೋ. 1890ರಲ್ಲಿ ರಷ್ಯಾದ ಬ್ರಿಯಾನ್‌ಸ್ಕ್‌ನಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದವನು. ಕ್ರಾಂತಿಯ ನಂತರದ ಮಾಸ್ಕೋದಲ್ಲಿ, 1920ರಲ್ಲಿ, ಅವನೂ ಅಣ್ಣ ಆಂಟ್ವಾನ್ ಪೆವ್ಸ್ನರನೂ ಒಂದು ಪ್ರಣಾಳಿಕೆ ಹೊರಡಿಸಿದರು. ಶಿಲ್ಪವೆಂದರೆ ನಿಶ್ಚಲ ಗಟ್ಟಿವಸ್ತು ಎಂಬ ಹಳೆಯ ನಂಬಿಕೆಯನ್ನು ಅದು ನಿರಾಕರಿಸಿತು. ಅದೇ ಹೊತ್ತಿಗೆ ಗಾಬೋ ಮೋಟಾರಿನಿಂದ ಕಂಪಿಸುವ ಒಂದು ಉಕ್ಕಿನ ಸರಳಿನಲ್ಲಿ ಅಲೆಯ ಆಕಾರ ಮೂಡಿಸಿ ತೋರಿಸಿದ್ದ. 1922ರಲ್ಲಿ ರಷ್ಯಾ ಬಿಟ್ಟ. ಜರ್ಮನಿಯಲ್ಲೂ ನೆಲೆ ನಿಲ್ಲಲಾಗಲಿಲ್ಲ. ಪ್ಯಾರಿಸ್, ಇಂಗ್ಲೆಂಡ್, 1946ರಲ್ಲಿ ಅಮೆರಿಕ. ಊರೂರು ಅಲೆಯುವಾಗಲೂ ಕಾರಂಜಿಯ ಕಲ್ಪನೆ ಪ್ಲಾಸ್ಟಿಕ್ಕಿನ ಪುಟ್ಟ ಮಾದರಿಯಾಗಿ ಉಳಿದಿತ್ತು. 1975ರಲ್ಲಿ ಆಸ್ಪತ್ರೆಯ ಅಂಗಳದಲ್ಲಿ ನಿಂತಾಗ ಅವನಿಗೆ ಎಂಬತ್ತು ದಾಟಿತ್ತು. 1977ರಲ್ಲಿ ತೀರಿಕೊಂಡ.

ರೂಪ ಬದಲಿಸುವ ಕಾರಂಜಿಯ ಕನಸು ಆಧುನಿಕರದ್ದು ಮಾತ್ರವಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಸಹೋದರರು ಒಮ್ಮೆ ಗುರಾಣಿಯಂತೆ, ಒಮ್ಮೆ ಈಟಿಯಂತೆ ಚಿಮ್ಮುವ ಕಾರಂಜಿಗಳನ್ನು ವಿವರಿಸಿದ್ದರು. 1206ರಲ್ಲಿ ಗ್ರಂಥ ಮುಗಿಸಿದ ಅಲ್-ಜಝರಿ, ಅವರ ಕಾರಂಜಿಗಳು ಬಹಳ ಬೇಗ ಬದಲಾಗುವುದರಿಂದ ಬದಲಾವಣೆ ಕಣ್ಣಿಗೆ ನಿಲ್ಲದೆಂದು ಆಕ್ಷೇಪಿಸಿ ಅವಧಿಯನ್ನು ಹಿಗ್ಗಿಸಿದ. ಗಾಬೋಗೆ ಇವರ ಋಣವಿದೆಯೆಂದು ಹೇಳುತ್ತಿಲ್ಲ. ನೋಡುವವನಿಗೆ ಬಿಡುವು ಕೊಡಬೇಕೆಂಬ ಅರಿವು ಇಬ್ಬರಲ್ಲೂ ಇತ್ತು ಎಂಬುದಷ್ಟೇ ಮಾತು.

2016ರಲ್ಲಿ ಇಂಗ್ಲೆಂಡಿನ ಸಂರಕ್ಷಿತ ಪಟ್ಟಿಯಲ್ಲಿ ಇದಕ್ಕೆ ಎರಡನೆಯ ಉನ್ನತ ದರ್ಜೆ ದೊರೆಯಿತು. ಆದರೆ ಪಟ್ಟಿ ಶಿಲ್ಪವನ್ನು ಕೆಡವದಂತೆ ಕಾಯುತ್ತದೆಯೇ ಹೊರತು ಮೋಟಾರಿಗೆ ಎಣ್ಣೆ ಹಾಕುವುದಿಲ್ಲ, ಕೊಳವೆಯ ಪಾಚಿ ತೆಗೆಯುವುದಿಲ್ಲ. ಗೋಡೆಯನ್ನು ಮುಟ್ಟದಿದ್ದರೆ ಅದು ಉಳಿದೀತು, ಕಾರಂಜಿ ಮಾತ್ರ ದಿನದಿನದ ಆರೈಕೆ ಬೇಡುತ್ತದೆ. ನೀರು ನಿಂತ ದಿನ ಉಳಿಯುವುದು ಗಾಬೋನ ಕೃತಿಯಲ್ಲ, ಅದರ ಎಲುಬು. ರೋಗಿಗಳ ಆರೈಕೆಯನ್ನೇ ಕಸುಬಾಗಿಸಿಕೊಂಡ ಅಂಗಳದಲ್ಲಿ ಇದು ನಿಂತಿರುವುದು ಎಷ್ಟು ಸರಿಯಾದ ಜಾಗ! ಪರಂಪರೆ ಉಳಿಯಬೇಕಾದರೆ ಆದೇಶಪತ್ರದ ಜೊತೆಗೆ ಪ್ರತಿದಿನ ಬೆಳಿಗ್ಗೆ ಕೀಲಿ ಹಿಡಿದು ಬರುವ ಒಬ್ಬ ಕೆಲಸಗಾರನೂ ಬೇಕು.