ಮಾಡಿನ ಮೇಲಿನ ತೋಟ

ಊರಿನಿಂದ ಬಂದ ನೆಂಟರಿಗೆ ಹ್ಯಾಂಗಿಂಗ್ ಗಾರ್ಡನ್ ತೋರಿಸದ ಮುಂಬಯಿ ಕನ್ನಡಿಗರು ವಿರಳ. ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿದು ಹೋಗುವ ನಾವು ಅಲ್ಲಿ ತೂಗುವುದೇನನ್ನೂ ಕಾಣದೆ ನಗುತ್ತೇವೆ. ಆದರೆ 1880ರ ದಶಕದಲ್ಲಿ ರೂಪುಗೊಂಡ ಆ ತೋಟವಿರುವುದು ಮಲಬಾರ್ ಹಿಲ್‌ನ ಜಲಾಗಾರದ ಚಾವಣಿಯ ಮೇಲೆ.

ವಿಜಯಪುರ, ಕಲಬುರಗಿ ಕಡೆಯ ಮಣ್ಣಿನ ಮಾಳಿಗೆಗಳ ಮೇಲೆ ಮಳೆಗಾಲದಲ್ಲಿ ಹುಲ್ಲು ಚಿಗುರಿದರೆ ಹಿರಿಯರು ಕಿತ್ತೆಸೆಯುತ್ತಿದ್ದರು. ಬೇರು ಇಳಿದಲ್ಲಿ ನೀರೂ ಇಳಿಯುತ್ತದೆಂಬ ಅನುಭವ ಅವರದು. ಇಂದಿನ ಹಸಿರು ಚಾವಣಿಯ ವಿನ್ಯಾಸವು ಆ ಭಯಕ್ಕೇ ಕೊಟ್ಟ ಉತ್ತರ: ತಳದಲ್ಲಿ ನೀರು ಇಳಿಯದ ಪದರ, ಅದರ ಮೇಲೆ ಬೇರುತಡೆ, ನೀರು ಬಸಿಯುವ ಹಾದಿ, ಸೋಸುಬಟ್ಟೆ, ಕೊನೆಗೆ ಹಗುರ ಮಣ್ಣು. ನೆನೆದ ಮಣ್ಣಿನ ಭಾರವನ್ನು ಕಟ್ಟಡ ಹೊರಬಲ್ಲುದೇ ಎಂಬ ಲೆಕ್ಕ ಎಲ್ಲಕ್ಕೂ ಮೊದಲು.

ಮೇಲಿನ ಹಸಿರಿನ ಆಯುಷ್ಯ ಕೆಳಗಿನ ಕಟ್ಟಡದ ಆಯುಷ್ಯವೇ. 2023ರಲ್ಲಿ ಪಾಲಿಕೆಯು ಆ ಹಳೆಯ ಜಲಾಗಾರವನ್ನು ಮರುನಿರ್ಮಿಸಲು ಮುಂದಾದಾಗ, ಮರಗಳು ಉರುಳುವುವೆಂದು ನಾಗರಿಕರು ವಿರೋಧಿಸಿದ್ದು ಇದನ್ನೇ ನೆನಪಿಸಿತು.

ಸೋರಿಕೆಗೆ ಅಂಜಿ ನಮ್ಮ ಸೊಸೈಟಿಗಳು ಟೆರೇಸಿಗೆ ಪತ್ರಾ ಹೊದಿಸುತ್ತಿವೆ. ಅದರಡಿ ಬೇಸಗೆ ಬೇಯುತ್ತದೆ. ಹಿರಿಯರ ಎಚ್ಚರವನ್ನು ಉಳಿಸಿಕೊಂಡೇ ಹುಲ್ಲನ್ನೂ ಉಳಿಸಿಕೊಳ್ಳುವ ವಿದ್ಯೆ ಈಗ ನಮ್ಮ ಕೈಯಲ್ಲಿದೆ. ಮುಂದಿನ ಸೊಸೈಟಿ ಸಭೆಯಲ್ಲಿ ಅದನ್ನು ಎತ್ತುವವರು ಯಾರು?