ಬಸ್ ಟಿಕೆಟ್‌ನಿಂದ ಕನ್ನಡದ ಹಳದಿ ಹಕ್ಕಿಯವರೆಗೆ



ಶ್ರೀರಂಗಪಟ್ಟಣದ ಸೀಮೆಯವರಾದ ನಮಗೆ ಇತಿಹಾಸವೆಂದರೆ ಕೋಟೆ, ಟಿಪ್ಪು ಸುಲ್ತಾನ್ ಮತ್ತು 1799. ನಾನೀಗ ಹೇಳುವ ಇತಿಹಾಸಕ್ಕೆ ಇಪ್ಪತ್ತು ವರ್ಷವಷ್ಟೇ ವಯಸ್ಸು.

ರಂಜಾನ್ ಹಬ್ಬಕ್ಕೆ ಬೆಂಗಳೂರಿನಿಂದ ಊರಿಗೆ ಬರುವಾಗ ಸೀಟು ಸಿಗದಿದ್ದರೆ ನಾವು ನಿಂತುಕೊಂಡಾದರೂ ಬರುತ್ತೇವೆ. ಕರಿಘಟ್ಟ ಕಂಡರೆ ಊರು ಬಂದಂತೆ. ಆದರೆ ರಾತ್ರಿಯಿಡೀ ಪ್ರಯಾಣ ಮಾಡಬೇಕಾದವರು ಏನು ಮಾಡಬೇಕು? 2005ರ ದೀಪಾವಳಿಗೆ ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿದ್ದ ಫಣೀಂದ್ರ ಸಾಮ ಅವರಿಗೆ ಊರಿಗೆ ಹೋಗಲು ಟಿಕೆಟ್ ಸಿಗಲಿಲ್ಲ. ಆ ಕಾಲದಲ್ಲಿ ಖಾಸಗಿ ಬಸ್ಸಿನವರು ಏಜೆಂಟರಿಗೆ ಇಷ್ಟಿಷ್ಟು ಸೀಟು ಎಂದು ಹಂಚಿಬಿಡುತ್ತಿದ್ದರು. ಒಬ್ಬ ಏಜೆಂಟನ ಬಳಿ ಸೀಟು ಮುಗಿದಿದ್ದರೂ ಇನ್ನೊಬ್ಬನ ಬಳಿ ಖಾಲಿ ಇರಬಹುದು. ಅದು ಪ್ರಯಾಣಿಕನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. 2006ರಲ್ಲಿ ಫಣೀಂದ್ರ, ಸುಧಾಕರ್ ಪಸುಪುನೂರಿ, ಚರಣ್ ಪದ್ಮರಾಜು ಸೇರಿ ಕಟ್ಟಿದ ರೆಡ್‌ಬಸ್, ಎಲ್ಲ ಸೀಟುಗಳನ್ನೂ ಒಂದೇ ಕಡೆ ಕಾಣುವಂತೆ ಮಾಡಿತು.

ಈ ಮೂವರ ಕಥೆ ಬಹಳ ಜನರಿಗೆ ಗೊತ್ತು. ನನಗೆ ಹೆಚ್ಚು ಕುತೂಹಲವಿರುವುದು ಆರಂಭದ ದಿನಗಳಲ್ಲೇ ಅಲ್ಲಿ ನೌಕರಿಗೆ ಸೇರಿದ ಮಯಾಂಕ್ ಬಿದಾವತ್ಕಾ ಅವರ ಬಗ್ಗೆ. ಹೆಸರಿಲ್ಲದ ಸಣ್ಣ ಕಂಪನಿಗೆ ಮಗ ಸೇರುತ್ತೇನೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ "ಪರ್ಮನೆಂಟಾ?" ಎಂಬುದು. ಆ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಆದರೆ ಸಣ್ಣ ಕಂಪನಿಯಲ್ಲಿ ಇಡೀ ವ್ಯಾಪಾರವೇ ಕಣ್ಣೆದುರು ನಡೆಯುತ್ತದೆ.

ಅಲ್ಲಿಂದ ಹೊರಬಂದ ಮಯಾಂಕ್ 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ದಿ ಮೀಡಿಯಾ ಆಂಟ್' ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಪತ್ರಿಕೆ, ರೇಡಿಯೋ, ಸಿನಿಮಾ ಮಂದಿರಗಳಲ್ಲಿ ಜಾಹೀರಾತಿಗೆ ಎಷ್ಟು ದರ ಎಂಬುದನ್ನು ಒಂದೇ ಜಾಲತಾಣದಲ್ಲಿ ತೋರಿಸುವುದು ಅದರ ಕೆಲಸ. ಗಮನಿಸಿ ನೋಡಿ, ಬಸ್ ಸೀಟಿನ ಪಾಠವೇ ಇಲ್ಲಿ ಬೇರೆ ಸರಕಿಗೆ ಬಂದಿದೆ.

ಮುಂದೆ ಅವರ ಜೊತೆಯಾದವರು ಅಪ್ರಮೇಯ ರಾಧಾಕೃಷ್ಣ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದಿದ ಇವರು 2011ರಲ್ಲಿ ಟ್ಯಾಕ್ಸಿಫಾರ್‌ಶ್ಯೂರ್ ಕಟ್ಟಿ, 2015ರಲ್ಲಿ ಓಲಾಗೆ ಮಾರಿದ್ದರು. ಇಬ್ಬರೂ ಸೇರಿ ಮೊದಲು 'ವೋಕಲ್' ಎಂಬ ಪ್ರಶ್ನೋತ್ತರದ ಆ್ಯಪ್ ತಂದರು. ಬಳಿಕ 2020ರಲ್ಲಿ ಹಳದಿ ಹಕ್ಕಿಯ ಗುರುತಿನ 'ಕೂ' ಬಂತು. ಟ್ವಿಟರ್‌ನಂತೆ ಚುಟುಕಾಗಿ ಬರೆಯುವ ಜಾಗ, ಮಿತಿ 400 ಅಕ್ಷರ. ಅದು ಮೊದಲು ಬಂದದ್ದು ಇಂಗ್ಲಿಷ್‌ನಲ್ಲಲ್ಲ, ಹಿಂದಿಯಲ್ಲೂ ಅಲ್ಲ, ಕನ್ನಡದಲ್ಲಿ! ತರಗತಿಯಲ್ಲಿ ಮುತ್ತಿನಂತೆ ಕನ್ನಡ ಬರೆಯುವ ಮಕ್ಕಳು ಮೊಬೈಲ್ ಹಿಡಿದ ಕೂಡಲೇ ಅದೇ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವುದನ್ನು ದಿನವೂ ನೋಡುವ ನನಗೆ ಇದು ಸಣ್ಣ ವಿಷಯವಲ್ಲ.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿಯಾದಾಗ ಮಂತ್ರಿಗಳೂ ಇಲಾಖೆಗಳೂ ಕೂಗೆ ಬಂದವು. ಅದೇ ವರ್ಷ ಟ್ವಿಟರ್ ನಿಷೇಧಿಸಿದ ನೈಜೀರಿಯಾದ ಸರ್ಕಾರವೂ ಖಾತೆ ತೆರೆಯಿತು. ಸ್ಥಾಪಕರು ಹೇಳಿದಂತೆ, ಉತ್ತುಂಗದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಜನ ಅದನ್ನು ಬಳಸುತ್ತಿದ್ದರು. ಆದರೆ ಜಗಳದ ಕಾರಣಕ್ಕೆ ಬಂದವರು ಜಗಳ ತಣ್ಣಗಾದ ಮೇಲೆ ಉಳಿಯುವರೇ? ನನಗಂತೂ ಅನುಮಾನವಿತ್ತು. ಬಳಕೆದಾರರಿಂದ ಹಣ ಪಡೆಯದ ಇಂಥ ವ್ಯವಹಾರ ವರ್ಷಗಟ್ಟಲೆ ಹೂಡಿಕೆದಾರರ ಹಣದಿಂದಲೇ ನಡೆಯಬೇಕು. 2022ರ ನಂತರ ಆ ಹಣ ಬತ್ತಿತು. ಡೈಲಿಹಂಟ್ ಸೇರಿದಂತೆ ಕೆಲವು ಸಂಸ್ಥೆಗಳೊಂದಿಗೆ ನಡೆದ ಮಾತುಕತೆ ಫಲಿಸಲಿಲ್ಲ. 2024ರ ಜುಲೈನಲ್ಲಿ ಇಬ್ಬರೂ ಕೂ ಮುಚ್ಚುತ್ತಿರುವುದಾಗಿ ಬಹಿರಂಗವಾಗಿಯೇ ಬರೆದರು, ಕಾರಣಗಳನ್ನೂ ಮುಚ್ಚಿಡಲಿಲ್ಲ.

ಮಯಾಂಕ್ ಅದೇ ವರ್ಷ 'ಬಿಲಿಯನ್ ಹಾರ್ಟ್ಸ್' ಎಂಬ ಹೊಸ ಕಂಪನಿ ಶುರುಮಾಡಿದರು. 2025ರಲ್ಲಿ ಅದರಿಂದ 'ಪಿಕ್‌ಸೀ' ಎಂಬ ಆ್ಯಪ್ ಬಂತು. ನಮ್ಮ ಫೋಟೋಗಳು ಸ್ನೇಹಿತರ ಫೋನಿನಲ್ಲಿ ಉಳಿದುಬಿಡುತ್ತವಲ್ಲ, ಅವನ್ನು ಹುಡುಕಿ ಪರಸ್ಪರ ತಲುಪಿಸುವುದು ಅದರ ಕೆಲಸ.